ಲೀಸ್ ಕಾರಿನ ಟೈರು, ಕರಾವಳಿಯ ಮಳೆ

ಕರಾವಳಿಯಲ್ಲಿ ಕಾರಿನ ಟೈರಿಗೆ ಪರೀಕ್ಷೆಯ ಕಾಲವೆಂದರೆ ಮಳೆಗಾಲ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆಯಾಗುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಬಿಡುತ್ತದೆ. ಬಂಟ್ವಾಳದಿಂದ ರಾಯಿ ದಾಟಿ ಮೂಡುಬಿದಿರೆಯತ್ತ ಹೋಗುವ ದಾರಿಯಲ್ಲಿರುವ ಸಿದ್ಧಕಟ್ಟೆಯಂಥ ಊರಿನಲ್ಲಿ ಕಾರಿಟ್ಟುಕೊಂಡವರಿಗೆ ಈ ನಾಲ್ಕು ತಿಂಗಳು ಒಂದೇ ಬಗೆಯ ರಸ್ತೆ ಸಿಗುವುದಿಲ್ಲ. ಮನೆಯಿಂದ ಹೊರಡುವಾಗ ಕೆಂಪು ಮಣ್ಣಿನ ಕೆಸರು, ಊರೊಳಗಿನ ಕಾಂಕ್ರೀಟ್ ರಸ್ತೆಯಲ್ಲಿ ಮರದ ನೆರಳಿಗೆ ಕಟ್ಟಿದ ಪಾಚಿ, ಮೂಡುಬಿದಿರೆಯ ಕಡೆ ರಾಷ್ಟ್ರೀಯ ಹೆದ್ದಾರಿ 169, ಬಿ.ಸಿ.ರೋಡಿನ ಕಡೆ ಹೆದ್ದಾರಿ 73 ಮತ್ತು 75, ಬೆಂಗಳೂರಿಗೆ ಹೊರಟರೆ ಶಿರಾಡಿ ಘಾಟಿ, ಬೆಳ್ತಂಗಡಿ ದಾಟಿದರೆ ಚಾರ್ಮಾಡಿ. ಬಿ.ಸಿ.ರೋಡ್–ಅಡ್ಡಹೊಳೆ, ಪುಂಜಾಲಕಟ್ಟೆ–ಚಾರ್ಮಾಡಿ, ಬಿಕರ್ನಕಟ್ಟೆ–ಸಾಣೂರು ರಸ್ತೆಗಳ ಅಗಲೀಕರಣ ಹಲವು ಮಳೆಗಾಲಗಳನ್ನು ಕಂಡಿದೆ. ಅಗೆದ ಮಣ್ಣು ಡಾಮರಿನ ಮೇಲೆ ಹರಿದು ಬರುವ ಜಾಗದಲ್ಲಿ ಎಂಥ ಕಾರಾದರೂ ಜಾರುತ್ತದೆ.

ಇಂಥ ರಸ್ತೆಗೆ ಈಚಿನ ವರ್ಷಗಳಲ್ಲಿ ಬಂದಿರುವ ಹೊಸ ಬಗೆಯ ವಾಹನವೆಂದರೆ ಲೀಸ್ ಮೇಲೆ ಪಡೆದ ಬಲವಾದ ಎಂಜಿನ್‌ನ ಕಾರು. ಬೆಂಗಳೂರಿನ ಕಂಪೆನಿಗಳಲ್ಲಿ ನೌಕರರಿಗೆ ಸಂಬಳದ ಭಾಗವಾಗಿ ಕಾರನ್ನು ಲೀಸ್‌ಗೆ ಕೊಡುವ ಪದ್ಧತಿ ಇದೆ. ತೆರಿಗೆಯಲ್ಲಿ ಉಳಿತಾಯವಾಗುವುದರಿಂದ, ಸ್ವಂತಕ್ಕೆ ಕೊಳ್ಳುವುದಾದರೆ ಸಾಧಾರಣ ಕಾರಿಗೆ ತೃಪ್ತರಾಗುತ್ತಿದ್ದವರು ಲೀಸ್‌ನಲ್ಲಿ ಒಂದು ಮೆಟ್ಟಿಲು ಮೇಲಿನದನ್ನು ಆರಿಸುತ್ತಾರೆ. 120 ಪಿಎಸ್ ಶಕ್ತಿಯ ಹ್ಯುಂಡೈ ಐ20 ಎನ್ ಲೈನ್, 150 ಪಿಎಸ್‌ನ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಇನ್ನೂ ಮೇಲಕ್ಕೆ ಹೋದರೆ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇಂಥವು. ಟರ್ಬೊ ಎಂಜಿನ್‌ನ ಸೆಳೆತ ಕಡಿಮೆ ವೇಗದಲ್ಲೇ ಒಮ್ಮೆಗೇ ಚಕ್ರಕ್ಕೆ ಬರುತ್ತದೆ. ಒದ್ದೆ ಏರಿನಲ್ಲಿ ಎರಡನೇ ಗೇರ್‌ನಲ್ಲೂ ಮುಂದಿನ ಚಕ್ರ ಗಿರ್ರನೆ ತಿರುಗಿಬಿಡುವುದು ಇದರಿಂದಲೇ. ಎಬಿಎಸ್, ಇಎಸ್‌ಸಿ ಮುಂತಾದ ವ್ಯವಸ್ಥೆಗಳು ಇರುವ ಹಿಡಿತವನ್ನು ಜಾಣತನದಿಂದ ಹಂಚುತ್ತವೆಯೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರವು. ಹಿಡಿತ ಬರುವುದು ಟೈರಿನಿಂದ ಮಾತ್ರ.

ನೀರು ಮತ್ತು ರಬ್ಬರ್

ಟೈರ್ ಒದ್ದೆ ರಸ್ತೆಯಲ್ಲಿ ಎರಡು ಕೆಲಸ ಮಾಡಬೇಕು. ಮೊದಲು ನೀರನ್ನು ಬದಿಗೆ ಸರಿಸಬೇಕು. ಆಮೇಲೆ, ತೇವ ಉಳಿದ ಮೇಲ್ಮೈಯನ್ನು ರಬ್ಬರ್ ಕಚ್ಚಿಹಿಡಿಯಬೇಕು. ಮೊದಲನೆಯದು ಗೀರುಗಳ ಆಳದ ಕೆಲಸ, ಎರಡನೆಯದು ರಬ್ಬರ್ ಮಿಶ್ರಣದ ಕೆಲಸ. ಟೈರ್ ಕೊಳ್ಳುವವರು ಈ ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ರಸ್ತೆಯ ಮೇಲೆ 2 ಮಿ.ಮೀ. ನೀರು ನಿಂತಿದ್ದರೆ, 205 ಮಿ.ಮೀ. ಅಗಲದ ಟೈರ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಪ್ರತಿ ಸೆಕೆಂಡಿಗೆ 9 ಲೀಟರ್‌ನಷ್ಟು ನೀರನ್ನು ದಾರಿಯಿಂದ ಸರಿಸಬೇಕಾಗುತ್ತದೆ. ಹೊಸ ಕಾರ್ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟೈರ್‌ನ ಗೀರು 1.6 ಮಿ.ಮೀ.ಗಿಂತ ಕಡಿಮೆಯಾಗುವಂತಿಲ್ಲ. ಗೀರಿನ ನಡುವೆ ಅಲ್ಲಲ್ಲಿ ಎದ್ದಿರುವ ಸಣ್ಣ ದಿಂಡುಗಳು ತೋರಿಸುವುದು ಈ ಮಿತಿಯನ್ನೇ. ಟೈರಿನ ಭುಜದ ಮೇಲಿನ ಪುಟ್ಟ ತ್ರಿಕೋನ ಅವು ಎಲ್ಲಿವೆ ಎಂದು ಹೇಳುತ್ತದೆ. ಆದರೆ ಈ ಅಂಕಿ ಕಾನೂನಿನ ಕೊನೆಯ ಗಡಿ. ತುಳುನಾಡಿನ ಆಟಿ ತಿಂಗಳ, ಎಂದರೆ ನಡುಮಳೆಗಾಲದ, ಮಳೆಗೆ ಅದು ಸಾಲದು. 3 ಮಿ.ಮೀ.ಗಿಂತ ಕೆಳಗಿಳಿದ ಟೈರ್ ಬೇಸಿಗೆಯಲ್ಲಿ ಚೆನ್ನಾಗಿಯೇ ಓಡುತ್ತದೆ, ಚಾಲಕನಿಗೆ ಯಾವ ಸುಳಿವನ್ನೂ ಕೊಡುವುದಿಲ್ಲ. ಜೂನ್‌ನ ಮೊದಲ ಜಡಿಮಳೆಗೆ, ಅದೂ ನಾಲ್ಕೈದು ತಿಂಗಳ ಎಣ್ಣೆ, ಧೂಳು ರಸ್ತೆಯಿಂದ ಇನ್ನೂ ತೊಳೆದುಹೋಗದ ಹೊತ್ತಿನಲ್ಲಿ, ಅದರ ನಿಜಸ್ಥಿತಿ ಗೊತ್ತಾಗುತ್ತದೆ.

ನೀರು ಸರಿಯದಿದ್ದಾಗ ಟೈರ್ ರಸ್ತೆಯನ್ನು ಬಿಟ್ಟು ನೀರಿನ ಮೇಲೆ ತೇಲುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಬ್ರೇಕ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ಅಮೆರಿಕದ ನಾಸಾ ಸಂಸ್ಥೆಯಲ್ಲಿ 1960ರ ದಶಕದಲ್ಲಿ ವಿಮಾನದ ಚಕ್ರಗಳ ಮೇಲೆ ನಡೆದ ಅಧ್ಯಯನದಿಂದ ಹೊರಬಂದ ಒಂದು ಸೂತ್ರ, ಈ ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ ಎನ್ನುತ್ತದೆ. ಕಾರಿಗೆ ಇದು ಸ್ಥೂಲ ಅಂದಾಜು ಮಾತ್ರ. ಆದರೂ 32 ಪಿಎಸ್‌ಐ ಗಾಳಿಯಿದ್ದರೆ ಗಂಟೆಗೆ ಸುಮಾರು 94 ಕಿ.ಮೀ., 24 ಪಿಎಸ್‌ಐಗೆ ಇಳಿದರೆ ಸುಮಾರು 82 ಕಿ.ಮೀ. ಎಂಬ ಉತ್ತರ ಬರುತ್ತದೆ. ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಹಿಡಿತ ಹೆಚ್ಚು ಎಂಬ ನಂಬಿಕೆ ಹಲವು ಚಾಲಕರಲ್ಲಿದೆ. ಕೆಸರಿನ ಗುಡ್ಡದಾರಿಯಲ್ಲಿ ನಿಧಾನಕ್ಕೆ ಏರುವ ಜೀಪಿಗೆ ಅದು ಸರಿ. ಹೆದ್ದಾರಿಯಲ್ಲಿ ಓಡುವ ಕಾರಿಗೆ ಅದು ತೀರಾ ಅಪಾಯದ ನಂಬಿಕೆ. ಬಾಗಿಲ ಚೌಕಟ್ಟಿನ ಮೇಲೆ ಕಂಪೆನಿ ಬರೆದ ಒತ್ತಡವನ್ನೇ, ಟೈರ್ ತಣ್ಣಗಿರುವಾಗ ನೋಡಿ ಇಡಬೇಕು.

ರಬ್ಬರ್ ಮಿಶ್ರಣದ ವಿಷಯಕ್ಕೆ ಬಂದರೆ, ಒದ್ದೆಯಲ್ಲಿ ಒಳ್ಳೆಯ ಹಿಡಿತ ಕೊಡುವ ಇಂದಿನ ಟೈರ್‌ಗಳಿಗೆ ಬೆನ್ನೆಲುಬು ಸಿಲಿಕಾ. ಮೊದಲು ರಬ್ಬರಿಗೆ ಬಲ ಕೊಡಲು ಕಾರ್ಬನ್ ಬ್ಲ್ಯಾಕ್ ಎಂಬ ಮಸಿಯನ್ನೇ ಬೆರೆಸುತ್ತಿದ್ದರು. 1992ರಲ್ಲಿ ಮಿಷೆಲಿನ್ ಕಂಪೆನಿ ಅದರ ದೊಡ್ಡ ಪಾಲಿನ ಬದಲು ಸಿಲಿಕಾ ಬಳಸಿದ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ, ಇಂಧನ ಉಳಿತಾಯ ಮತ್ತು ಒದ್ದೆ ಹಿಡಿತ ಎರಡೂ ಒಟ್ಟಿಗೆ ಸಾಧ್ಯವಾದವು. ಈಗ ಭಾರತದ ಕಂಪೆನಿಗಳ ಮಧ್ಯಮ ದರ್ಜೆಯ ಟೈರ್‌ಗಳಲ್ಲೂ ಸಿಲಿಕಾ ಇದೆ. ತೀರಾ ಅಗ್ಗದ, ‘ಹೆಚ್ಚು ಕಿಲೋಮೀಟರ್ ಬರುತ್ತದೆ’ ಎಂದೇ ಮಾರಾಟವಾಗುವ ಗಟ್ಟಿ ಟೈರ್‌ಗಳಲ್ಲಿ ಬಾಳಿಕೆಯನ್ನು ಒದ್ದೆ ಹಿಡಿತದಿಂದ ಕಡ ತಂದಿರುತ್ತಾರೆ.

ಹಿಮದ ಟೈರ್ ಇಲ್ಲಿಗೆ ಏಕೆ ಬೇಡ

ಜರ್ಮನಿ, ಕೆನಡಾಗಳಲ್ಲಿ ನೆಲೆಸಿದ ಕರಾವಳಿಯ ಕುಟುಂಬಗಳಿಗೆ ವರ್ಷಕ್ಕೆರಡು ಬಾರಿ ಟೈರ್ ಬದಲಿಸುವುದು ರೂಢಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಇರುವ ರಸ್ತೆಯಲ್ಲಿ ಓಡಿಸುವುದಾದರೆ ಮೂರು ಶಿಖರದ ಬೆಟ್ಟ ಮತ್ತು ಹಿಮದ ಹರಳಿನ ಗುರುತುಳ್ಳ ಟೈರ್ ಇರಬೇಕು. 2024ರ ಅಕ್ಟೋಬರ್‌ನಿಂದ ಅಲ್ಲಿ ಹಳೆಯ ‘ಎಂ+ಎಸ್’ ಗುರುತು ಮಾತ್ರ ಇದ್ದರೆ ನಡೆಯದು. ಅವರ ಬಾಯಲ್ಲಿ ಈ ಟೈರ್‌ಗಳ ಹಿಡಿತದ ವರ್ಣನೆ ಕೇಳಿದವರಿಗೆ, ಅದೇ ಟೈರ್ ಮಳೆಗೂ ಒಳ್ಳೆಯದಿರಬೇಕೆಂದು ತೋರುವುದು ಸಹಜ.

ಆದರೆ ಚಳಿಗಾಲದ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೂ ಮೆತ್ತಗೆ ಉಳಿಯುವಂತೆ ಮಾಡಿದ್ದು. ಸಿದ್ಧಕಟ್ಟೆಯಲ್ಲಿ ಮಳೆಗಾಲದ ರಾತ್ರಿಯೂ 20 ಡಿಗ್ರಿಯ ಮೇಲೇ ಇರುತ್ತದೆ. ಆ ಬಿಸುಪಿಗೆ ಈ ರಬ್ಬರ್ ಅತಿಯಾಗಿ ಮೆತ್ತಗಾಗಿ, ಗೀರುಗಳ ನಡುವಿನ ತುಂಡುಗಳು ಬಳುಕಿ, ಬ್ರೇಕ್ ಹಿಡಿದಾಗ ಕಾರು ಹೆಚ್ಚು ದೂರ ಹೋಗಿ ನಿಲ್ಲುತ್ತದೆ. ಟೈರ್ ಬೇಗ ಸವೆಯುತ್ತದೆ. ಇಲ್ಲಿಯ ರಬ್ಬರ್ ಬೆಳೆಗಾರರಿಗೆ ಆಸಕ್ತಿಯ ಸಂಗತಿಯೊಂದಿದೆ. ಸಾಮಾನ್ಯ ಕಾರ್ ಟೈರಿನ ನೆಲ ಮುಟ್ಟುವ ಪದರದಲ್ಲಿ ಹೆಚ್ಚಿರುವುದು ಕೃತಕ ರಬ್ಬರ್. ತೋಟದ ರಬ್ಬರ್ ಬಹಳವಾಗಿ ಹೋಗುವುದು ಟೈರಿನ ಬದಿಗೋಡೆ, ಒಳಮೈ ಮತ್ತು ಲಾರಿ ಟೈರ್‌ಗಳಿಗೆ; ಸುಲಭವಾಗಿ ಹರಿಯದ, ಬೇಗ ಬಿಸಿಯಾಗದ ಗುಣ ಅದಕ್ಕಿದೆ. ಚಳಿಗಾಲದ ಟೈರಿನ ಮೇಲ್ಪದರಕ್ಕೂ ಅದನ್ನು ಹೆಚ್ಚಾಗಿ ಸೇರಿಸುತ್ತಾರೆ, ಏಕೆಂದರೆ ಕೊರೆಯುವ ಚಳಿಯಲ್ಲೂ ಅದು ಸೆಟೆದುಕೊಳ್ಳುವುದಿಲ್ಲ.

ಕರಾವಳಿಯ ಮಳೆಗೆ ಹೊಂದುವುದು ಯುರೋಪಿನವರು ‘ಬೇಸಿಗೆ ಟೈರ್’ ಎಂದು ಕರೆಯುವ ವರ್ಗದಲ್ಲಿ ಒದ್ದೆ ಹಿಡಿತಕ್ಕೆ ಉತ್ತಮ ದರ್ಜೆ ಪಡೆದ ಟೈರ್. ಭಾರತದಲ್ಲಿ ಕಾರಿಗೆ ಸಿಗುವ ಟೈರ್‌ಗಳಲ್ಲಿ ಹೆಚ್ಚಿನವು ಈ ವರ್ಗದವೇ.

ಲೀಸ್ ಅವಧಿಯನ್ನು ಮಳೆಗಾಲಗಳಲ್ಲಿ ಎಣಿಸುವುದು

ಲೀಸ್ ಪತ್ರ ತಿಂಗಳು ಮತ್ತು ಕಿಲೋಮೀಟರ್ ಲೆಕ್ಕದಲ್ಲಿರುತ್ತದೆ. ಟೈರ್ ಆಯ್ಕೆಗೆ ಆ ಲೆಕ್ಕ ಸಾಲದು; ಕಾರು ಕೈಯಲ್ಲಿರುವಷ್ಟರಲ್ಲಿ ಎಷ್ಟು ಮಳೆಗಾಲ ಬರುತ್ತವೆ, ಪ್ರತಿಯೊಂದರ ಬಾಗಿಲಲ್ಲಿ ಗೀರು ಎಷ್ಟು ಆಳ ಉಳಿದಿರುತ್ತದೆ ಎಂಬುದೇ ಮುಖ್ಯ.

36 ತಿಂಗಳ ಲೀಸ್ ಅಕ್ಟೋಬರ್‌ನಲ್ಲಿ ಶುರುವಾಯಿತೆಂದು ಇಟ್ಟುಕೊಳ್ಳೋಣ. ಟೈರ್ 8 ಮಿ.ಮೀ.ಯಿಂದ 1.6 ಮಿ.ಮೀ.ಗೆ ಇಳಿಯಲು 40,000 ಕಿ.ಮೀ. ಹಿಡಿಯುತ್ತದೆ, ಕಾರು ವರ್ಷಕ್ಕೆ 15,000 ಕಿ.ಮೀ. ಓಡುತ್ತದೆ. ಆಗ ವರ್ಷಕ್ಕೆ 2.4 ಮಿ.ಮೀ. ಸವೆತ. ಮೊದಲ ಜೂನ್ ಬರುವಾಗ ಗೀರು 6.4 ಮಿ.ಮೀ. ಇರುತ್ತದೆ, ಚಿಂತೆಯಿಲ್ಲ. ಎರಡನೇ ಜೂನ್‌ಗೆ 4 ಮಿ.ಮೀ.; ಆ ಮಳೆ ಮುಗಿಯುವಾಗ 3ರ ಅಂಚು. ಮೂರನೇ ಜೂನ್‌ಗೆ ಸರಿಯಾಗಿ 1.6 ಮಿ.ಮೀ. ಅಂದರೆ ಕಾರು ಹಿಂತಿರುಗಿಸಲು ನಾಲ್ಕು ತಿಂಗಳಿರುವಾಗ, ವರ್ಷದ ಅತಿ ಕೆಟ್ಟ ರಸ್ತೆಯ ಮುಂದೆ, ಟೈರ್ ಕಾನೂನಿನ ಮಿತಿಯಲ್ಲಿರುತ್ತದೆ. ‘ಇನ್ನು ನಾಲ್ಕು ತಿಂಗಳಿಗೆ ಹೊಸ ಟೈರ್ ಯಾಕೆ’ ಎಂದು ಮನೆಮಂದಿ ಕೇಳುವುದು ಈ ಹಂತದಲ್ಲಿಯೇ. ಈ ನಾಲ್ಕು ತಿಂಗಳ ಉಳಿತಾಯಕ್ಕೆ ಜೀವವನ್ನು ಒತ್ತೆ ಇಡಬಾರದು.

ಇದಕ್ಕಿಂತ ಉತ್ತಮ ದಾರಿ ಒಂದು ವರ್ಷ ಮೊದಲೇ, ಎರಡನೇ ಪತ್ತನಾಜೆಯ ಒಳಗೆ, ಎಂದರೆ ಮೇ 24–25ಕ್ಕೆ ಮೊದಲು, ಗೀರು 4 ಮಿ.ಮೀ. ಆಸುಪಾಸಿಗೆ ಬಂದಿದ್ದರೆ ಬದಲಿಸುವುದು. ಹೊಸ ಜೋಡಿಗೆ ಎರಡು ಪೂರ್ಣ ಮಳೆಗಾಲ ಸಿಗುತ್ತದೆ, ಕಾರು ಮರಳಿಸುವಾಗಲೂ ಗೀರು ಚೆನ್ನಾಗಿ ಉಳಿದಿರುತ್ತದೆ. ಹೀಗೆ ಎರಡು ಮಳೆಗಾಲಕ್ಕಷ್ಟೇ ಬೇಕಾದ ಟೈರಿಗೆ 60,000 ಕಿ.ಮೀ. ಬಾಳಿಕೆಯ ಭರವಸೆ ವ್ಯರ್ಥ. ಹಣವನ್ನು ಬಾಳಿಕೆಗೆ ಕೊಡದೆ ಒದ್ದೆ ಹಿಡಿತಕ್ಕೆ ಕೊಡಬೇಕು. ಸ್ವಂತ ಕಾರಿನವರಿಗೂ ಲೀಸ್ ಕಾರಿನವರಿಗೂ ಇರುವ ದೊಡ್ಡ ವ್ಯತ್ಯಾಸ ಇದು. ಅವಧಿ ಮುಗಿದ ಮೇಲೆ ಉಳಿಕೆ ಬೆಲೆ ಕೊಟ್ಟು ಕಾರನ್ನು ತಾವೇ ಇಟ್ಟುಕೊಳ್ಳುವ ಯೋಚನೆ ಇದ್ದರೆ ಮಾತ್ರ ಬಾಳಿಕೆಗೆ ಮತ್ತೆ ಬೆಲೆ ಬರುತ್ತದೆ.

ಅಂಗಡಿಗೆ ಹೋಗುವ ಮೊದಲು ಲೀಸ್ ಪತ್ರವನ್ನು ಒಮ್ಮೆ ಓದಲೇಬೇಕು. ನಿರ್ವಹಣೆಯೂ ಸೇರಿದ ಲೀಸ್‌ನಲ್ಲಿ ಟೈರ್ ಬದಲಾವಣೆ ಬಾಡಿಗೆಯೊಳಗೇ ಇರಬಹುದು. ಇದ್ದರೆ ಎಷ್ಟು ಟೈರ್, ಎಷ್ಟು ಸವೆದ ಮೇಲೆ, ಯಾವ ದರ್ಜೆಯದು ಎಂಬುದನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಇಲ್ಲದಿದ್ದರೆ, ಕಾರು ಮರಳಿಸುವಾಗ ಮೂಲ ಅಳತೆ, ನಾಲ್ಕೂ ಚಕ್ರಕ್ಕೆ ಒಂದೇ ಬಗೆಯ ಟೈರ್, ಗೀರಿನ ಕನಿಷ್ಠ ಆಳ, ಮೂಲ ಅಲಾಯ್ ಚಕ್ರ ಇವುಗಳಲ್ಲಿ ಏನೇನು ಕೇಳಿದ್ದಾರೆಂದು ನೋಡಬೇಕು.

ಅಂಚಿನ ಅಕ್ಷರಗಳು

ಟೈರಿನ ಬದಿಯಲ್ಲಿ ಬರೆದಿರುವುದನ್ನು ಓದಲು ಬಂದರೆ ಅರ್ಧ ಆಯ್ಕೆ ಮುಗಿದಂತೆ. 205/55 ಆರ್16 91ವಿ ಎಂದಿದ್ದರೆ ಅಗಲ 205 ಮಿ.ಮೀ., ಬದಿಗೋಡೆಯ ಎತ್ತರ ಅದರ 55 ಶೇಕಡ, ರಿಮ್ 16 ಇಂಚು, ಒಂದು ಟೈರ್ ಹೊರಬಲ್ಲ ಭಾರ 615 ಕಿಲೋ, ವೇಗದ ಮಿತಿ ಗಂಟೆಗೆ 240 ಕಿ.ಮೀ. ಕಡಿಮೆ ಬೆಲೆಗೆಂದು ವಿ ಬದಲು ಟಿ ಗುರುತಿನ, ಅಂದರೆ 190 ಕಿ.ಮೀ. ಮಿತಿಯ ಟೈರ್ ಹಾಕಬಾರದು. ಆ ವೇಗದಲ್ಲಿ ಯಾರೂ ಓಡಿಸುವುದಿಲ್ಲ, ನಿಜ. ಆದರೆ ಆ ಅಕ್ಷರ ಟೈರಿನ ಒಳಗಟ್ಟಿನ ಬಲವನ್ನೂ ಹೇಳುತ್ತದೆ, ಅಪಘಾತವಾದರೆ ವಿಮೆಯವರ ಪ್ರಶ್ನೆಗೂ ದಾರಿ ಮಾಡಿಕೊಡುತ್ತದೆ.

ತಯಾರಾದ ದಿನ ನಾಲ್ಕು ಅಂಕಿಯಲ್ಲಿರುತ್ತದೆ. 2325 ಎಂದರೆ 2025ರ 23ನೇ ವಾರ. ಪೇಟೆಯ ಅಂಗಡಿಯಲ್ಲಿ 18 ಇಂಚಿನ ಟೈರ್‌ಗೆ ಗಿರಾಕಿ ಅಪರೂಪ, ಹಾಗಾಗಿ ಹಳೆಯ ದಾಸ್ತಾನು ಸಿಗುವ ಸಾಧ್ಯತೆ ಹೆಚ್ಚು. ಹೆಚ್ಚು ರಿಯಾಯಿತಿ ಎಂದಾಗ ಮೊದಲು ನೋಡಬೇಕಾದದ್ದು ಈ ನಾಲ್ಕು ಅಂಕಿ.

ಒದ್ದೆ ಹಿಡಿತದ ದರ್ಜೆಯನ್ನು ಯುರೋಪಿನ ಲೇಬಲ್‌ನಲ್ಲಿ ಮಳೆಯ ಮೋಡದ ಚಿತ್ರದ ಪಕ್ಕ ಎ ಇಂದ ಇ ವರೆಗಿನ ಅಕ್ಷರದಲ್ಲಿ ಕೊಡುತ್ತಾರೆ. ಭಾರತದಲ್ಲಿ 2022ರ ಜೂನ್‌ನ ಅಧಿಸೂಚನೆಯ ಮೂಲಕ ಒದ್ದೆ ಹಿಡಿತ, ಉರುಳು ತಡೆ, ಸದ್ದು ಈ ಮೂರಕ್ಕೂ ಕಡ್ಡಾಯ ಮಾನದಂಡ ಬಂತು. ಕಾರ್ ಟೈರ್‌ಗಳಿಗೆ ಇದು ಬಹಳ ದಿನಗಳಿಂದ ಬಾಕಿಯಿತ್ತು. ಅದು ಕನಿಷ್ಠ ಮಟ್ಟವನ್ನು ಖಾತ್ರಿ ಮಾಡುತ್ತದೆ, ಒಳ್ಳೆಯದನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಇಂಧನ ದಕ್ಷತಾ ಬ್ಯೂರೊ ಕೊಡುವ ನಕ್ಷತ್ರಗಳೂ ಟೈರ್‌ಗಳ ಮೇಲೆ ಕಾಣುತ್ತವೆ. ಅವು ಪೆಟ್ರೋಲ್ ಉಳಿತಾಯದ ನಕ್ಷತ್ರಗಳು, ಐದು ನಕ್ಷತ್ರವೆಂದರೆ ಮಳೆಗೆ ಒಳ್ಳೆಯದೆಂದಲ್ಲ.

ಬೆಲೆ, ಅಳತೆ, ಎರಡನೇ ಚಕ್ರಜೋಡಿ

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಹೊರದೇಶದಲ್ಲೇ ತಯಾರಾಗುವ ದೊಡ್ಡ ಅಳತೆಯ ಟೈರ್‌ಗಳು ಅಂದಿನಿಂದ ಸುಲಭವಾಗಿ ಸಿಗುತ್ತಿಲ್ಲ. ಇನ್ನೊಂದೆಡೆ 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರ್ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಮೂಲ ಬೆಲೆ 7,000 ರೂಪಾಯಿ ಇರುವ ಟೈರ್ 8,960ರ ಬದಲು 8,260 ರೂಪಾಯಿಗೆ ಸಿಗಬೇಕು. ನಾಲ್ಕಕ್ಕೆ 2,800 ರೂಪಾಯಿ ಉಳಿತಾಯ. ಸಾಧಾರಣ ದರ್ಜೆಯಿಂದ ಒಳ್ಳೆಯ ದರ್ಜೆಗೆ ಏರಲು ಈ ಹಣ ಬಳಸಬಹುದು.

16 ಇಂಚಿನ ಕಾರಿನವರಿಗೆ ಆಯ್ಕೆ ಸುಲಭ. ಅಪೊಲೊ, ಸಿಯಟ್, ಎಂಆರ್‌ಎಫ್, 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸನ್ನು ಕೊಂಡ ಜೆಕೆ, ಹಾಗೆಯೇ ಬ್ರಿಡ್ಜ್‌ಸ್ಟೋನ್, ಗುಡ್‌ಇಯರ್, ಯೊಕೊಹಾಮಾ, ಮಿಷೆಲಿನ್ ಎಲ್ಲವೂ ಈ ಅಳತೆಯಲ್ಲಿ ಸ್ಪರ್ಧಿಸುತ್ತವೆ. ಪ್ರತಿ ಕಂಪೆನಿಯಲ್ಲೂ ಬಾಳಿಕೆಗೆಂದು ಒಂದು ಸಾಲು, ಹಿಡಿತ ಮತ್ತು ಆರಾಮಕ್ಕೆಂದು ಇನ್ನೊಂದು ಸಾಲು ಇರುತ್ತದೆ. ಬ್ರ್ಯಾಂಡ್‌ಗಿಂತ ಈ ಸಾಲು ಮುಖ್ಯ: ಹೆಸರಾಂತ ಕಂಪೆನಿಯ ಗಟ್ಟಿ ಟೈರಿಗಿಂತ ದೇಶೀಯ ಕಂಪೆನಿಯ ಹಿಡಿತದ ಟೈರ್ ಮಳೆಗೆ ಮೇಲು, ಬೆಲೆಗೂ ಕೈಗೆಟಕುವಂಥದ್ದು.

225/40 ಆರ್18 ಅಳತೆಯಲ್ಲಿ ಬದಿಗೋಡೆ 90 ಮಿ.ಮೀ. ಮಾತ್ರ. ನೀರು ತುಂಬಿದ ಹೊಂಡದ ಆಳ ಕಣ್ಣಿಗೆ ಕಾಣುವುದಿಲ್ಲ. ಅಂಚಿಗೆ ಬಡಿದರೆ ಟೈರಿಗೆ ಹೊಟ್ಟೆ ಬರುತ್ತದೆ ಅಥವಾ ಅಲಾಯ್ ಬಿರುಕು ಬಿಡುತ್ತದೆ. ಹೊಟ್ಟೆ ಬಂದ ಟೈರನ್ನು ರಿಪೇರಿ ಮಾಡಲಾಗದು. ಇಂಥ ಕಾರಿಗೆ ಕೆನಡಾದ ಲೀಸ್ ಕಾರಿನವರ ಪದ್ಧತಿ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಎಷ್ಟೋ ಜನ ಒಂದಿಂಚು ಚಿಕ್ಕ ರಿಮ್‌ಗೆ ಚಳಿಗಾಲದ ಟೈರ್ ಹಾಕಿ ಬೇರೆ ಚಕ್ರಜೋಡಿಯನ್ನೇ ಇಟ್ಟುಕೊಂಡು, ಮೂಲ ಜೋಡಿಯನ್ನು ಮರಳಿಸಲು ಕಾಪಾಡುತ್ತಾರೆ. 225/45 ಆರ್17 ಹಾಕಿದರೆ ಚಕ್ರದ ಒಟ್ಟು ವ್ಯಾಸದಲ್ಲಿ ಅರ್ಧ ಶೇಕಡಕ್ಕಿಂತ ಕಡಿಮೆ ವ್ಯತ್ಯಾಸ, ಬದಿಗೋಡೆ ಮಾತ್ರ 101 ಮಿ.ಮೀ.ಗೆ ಏರುತ್ತದೆ. ಆದರೆ ದೊಡ್ಡ ಬ್ರೇಕ್ ಕ್ಯಾಲಿಪರ್ ಚಿಕ್ಕ ರಿಮ್‌ನೊಳಗೆ ಕೂರಬೇಕು, ಆ ಅಳತೆಗೆ ತಯಾರಕರ ಸಮ್ಮತಿ ಇರಬೇಕು, ಲೀಸ್ ಕಂಪೆನಿಯ ಒಪ್ಪಿಗೆ ಪತ್ರದಲ್ಲಿ ಸಿಗಬೇಕು. ಈ ಮೂರೂ ಆದರೆ ಜೂನ್‌ನಿಂದ ದೀಪಾವಳಿಯವರೆಗೆ ಎರಡನೇ ಜೋಡಿ ಓಡಿಸುವುದು ಒಳ್ಳೆಯ ಹೂಡಿಕೆ. ಮೂಲ ಚಕ್ರಗಳನ್ನು ಒಣ, ಕತ್ತಲ ಕೋಣೆಯಲ್ಲಿ, ಇನ್ವರ್ಟರ್ ಮತ್ತು ಪಂಪಿನ ಮೋಟಾರಿನಿಂದ ದೂರ ಇಡಬೇಕು; ವಿದ್ಯುತ್ ಕಿಡಿಯಿಂದ ಹುಟ್ಟುವ ಓಝೋನ್ ರಬ್ಬರನ್ನು ಬಿರಿಸುತ್ತದೆ. 16 ಇಂಚಿನ ಕಾರಿಗೆ ಈ ಖರ್ಚು ಅನಗತ್ಯ.

ಇನ್ನೂ ಅಗಲದ ಟೈರ್ ಹಾಕಿಸುವ ಆಸೆಯನ್ನಂತೂ ಬಿಡಬೇಕು. ಅಗಲ ಹೆಚ್ಚಿದಷ್ಟೂ ನೀರು ಬದಿಗೆ ಹೋಗಲು ದಾರಿ ಉದ್ದವಾಗುತ್ತದೆ, ಟೈರ್ ಬೇಗ ತೇಲುತ್ತದೆ. ಬಳಸಿದ ಟೈರ್, ರೀಸೋಲ್ ಟೈರ್ ಕಾರಿಗೆ ಬೇಡವೇ ಬೇಡ.

ಜೋಡಿಸುವಾಗ

ಎರಡೇ ಟೈರ್ ಬದಲಿಸುವಷ್ಟು ಹಣವಿದ್ದರೆ ಹೊಸದು ಹಿಂದಿನ ಚಕ್ರಕ್ಕೆ ಹೋಗಬೇಕು. ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ಹಾಗಾಗಿ ಹೊಸದು ಮುಂದೆ ಎಂಬುದು ಅನೇಕ ಅಂಗಡಿಗಳ ರೂಢಿ. ಒದ್ದೆಯಲ್ಲಿ ಮುಂದಿನ ಹಿಡಿತ ತಪ್ಪಿದರೆ ಕಾರು ನೇರ ಹೋಗುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಬಹುಮಟ್ಟಿಗೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನ ಹಿಡಿತ ತಪ್ಪಿದರೆ ಕಾರು ಬುಗುರಿಯ ಹಾಗೆ ತಿರುಗುತ್ತದೆ. ಶಿರಾಡಿಯ ತಿರುವಿನಲ್ಲಿ ಅದನ್ನು ಸರಿಪಡಿಸುವಷ್ಟು ಜಾಗವೂ ಇಲ್ಲ, ಸಮಯವೂ ಇಲ್ಲ. ಮುಂದಿನ ಟೈರ್ ಕೂಡ ತೀರಾ ಸವೆದಿದ್ದರೆ ನಾಲ್ಕನ್ನೂ ಬದಲಿಸುವುದೇ ಸರಿ.

ಬಾಣದ ಗುರುತಿದ್ದರೆ ಆ ದಿಕ್ಕಿಗೆ, ‘ಔಟ್‌ಸೈಡ್’ ಎಂದಿರುವ ಬದಿ ಹೊರಕ್ಕೆ ಬರುವಂತೆ ಕೂರಿಸಬೇಕು. ಬಾಣದ ಟೈರ್ ತಿರುಗುಮುರುಗಾದರೆ ನೀರನ್ನು ಹೊರಗೆಸೆಯುವ ಗೀರು ಒಳಕ್ಕೆ ಎಳೆಯುತ್ತದೆ. ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಳೆಗೆ ಮೊದಲೊಮ್ಮೆ, ದೊಡ್ಡ ಹೊಂಡಕ್ಕೆ ಬಿದ್ದಾಗಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ ಮಾಡಿಸಬೇಕು. ಬಲವಾದ ಎಂಜಿನ್‌ನ ಕಾರುಗಳ ಸ್ಟೆಪ್ನಿ ಹಲವು ಸಲ ಸಣ್ಣ ಅಳತೆಯ, ಗಂಟೆಗೆ 80 ಕಿ.ಮೀ. ಮೀರಬಾರದ ಚಕ್ರ. 2020ರ ನಿಯಮ ತಿದ್ದುಪಡಿಯ ಪ್ರಕಾರ ಟ್ಯೂಬ್‌ಲೆಸ್ ಟೈರ್, ಗಾಳಿ ಒತ್ತಡದ ಸೂಚಕ ಮತ್ತು ರಿಪೇರಿ ಕಿಟ್ ಇರುವ ಕಾರಿಗೆ ಸ್ಟೆಪ್ನಿಯೇ ಬೇಕಿಲ್ಲ. ಕಿಟ್‌ನ ಅಂಟುದ್ರವ ಮೊಳೆ ಚುಚ್ಚಿದ್ದಕ್ಕೆ ಸಾಕು, ಹೊಂಡಕ್ಕೆ ಬಡಿದು ಹರಿದ ಬದಿಗೋಡೆಗೆ ಅದರಿಂದ ಉಪಯೋಗವಿಲ್ಲ.

ಹೊಂಡದಿಂದಾದ ಹಾನಿಗೆ ವಿಮೆ ನೆಚ್ಚಿಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಸಾಮಾನ್ಯ ಪಾಲಿಸಿಯಲ್ಲಿ ಟೈರ್ ಒಂದಕ್ಕೇ ಆದ ಹಾನಿಗೆ ಪರಿಹಾರವಿಲ್ಲ. ಅದೇ ಅಪಘಾತದಲ್ಲಿ ಕಾರಿಗೂ ಪೆಟ್ಟಾಗಿದ್ದರೆ ಮಾತ್ರ ಟೈರಿನ ಬೆಲೆಯ ಅರ್ಧದವರೆಗೆ ಸಿಗುತ್ತದೆ. ಟೈರ್ ರಕ್ಷಣೆಯ ಹೆಚ್ಚುವರಿ ವಿಮೆ ಪ್ರತ್ಯೇಕವಾಗಿ ಸಿಗುತ್ತದೆ, 18 ಇಂಚಿನ ಚಕ್ರದ ಕಾರಿಗೆ ಅದನ್ನು ಮೇ ತಿಂಗಳಿಗಿಂತ ಮೊದಲು, ಪಾಲಿಸಿ ನವೀಕರಿಸುವಾಗಲೇ ಸೇರಿಸಿಕೊಳ್ಳಬೇಕು. ಹೊಸ ಟೈರಿನ ಬಿಲ್, ಅದರಲ್ಲಿ ನಾಲ್ಕೂ ಟೈರ್‌ಗಳ ಕ್ರಮಸಂಖ್ಯೆ, ಹಾಕಿಸಿದ ದಿನದ ಓಡೋಮೀಟರ್ ಅಂಕಿ ಇವನ್ನು ಲೀಸ್ ಪತ್ರದ ಜೊತೆಗೇ ಇಡುವುದು ಒಳ್ಳೆಯದು. ಟೈರಿನ ವಾರಂಟಿ ಕೇಳುವಾಗಲೂ, ಕಾರು ಮರಳಿಸುವ ದಿನದ ತಪಾಸಣೆಯಲ್ಲೂ ಕೇಳುವುದು ಇವೇ ಕಾಗದಗಳನ್ನು.